ಮುಲಾಕಾತಿನ ಸಾಲಿನಲ್ಲಿ ಬೆಳೆಯುವ ಮಕ್ಕಳಿಗೆ ನಿಮ್ಮ ಭಾನುವಾರ ಕೊಡಿ

ದೆಹಲಿ, ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದ್‌ಗಳಲ್ಲಿ ನೆಲೆಸಿರುವ ಕನ್ನಡದ ರಂಗಕರ್ಮಿಗಳೇ, ಚಿತ್ರಕಾರರೇ, ಹಾಡು–ವಾದ್ಯ ಕಲಿಸುವವರೇ, ಯಕ್ಷಗಾನದ ಬಳಗದವರೇ,



ನಿಮ್ಮ ಭಾನುವಾರಗಳನ್ನು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಅಪ್ಪನೋ ಅಮ್ಮನೋ ಅಣ್ಣನೋ ಜೈಲಿನಲ್ಲಿರುವ, ಹನ್ನೆರಡು ದಾಟಿ ಹದಿನೆಂಟು ಮುಟ್ಟದ ಮಕ್ಕಳು ನಾವು ಬದುಕುತ್ತಿರುವ ಈ ಊರಿನಲ್ಲಿ ಸಾವಿರಗಟ್ಟಲೆ ಇದ್ದಾರೆ. ನಿಮಗೆ ಬರುವ ಕಲೆಯನ್ನು ಅವರಿಗೆ ಕಲಿಸಿ. ಒಂದು ದಿನ ಬಂದು ರಂಜಿಸಿ ಹೋದರೆ ಸಾಲದು. ಜೊತೆಗೆ ಕೂತು, ತಪ್ಪಿದಲ್ಲಿ ತಿದ್ದಿ, ವರ್ಷ ಎರಡು ವರ್ಷ ಕಲಿಸಬೇಕು.

ನಮ್ಮಲ್ಲಿ ಬಹಳ ಜನರ ಓಡಾಟ ರಾವ್ ತುಲಾರಾಂ ಮಾರ್ಗದ ಕರ್ನಾಟಕ ಸಂಘದ ಸುತ್ತ. ನಾಟಕ, ತಾಳಮದ್ದಳೆ, ರಾಜ್ಯೋತ್ಸವ ಎಲ್ಲಕ್ಕೂ ಅಲ್ಲೇ ಸೇರುತ್ತೇವೆ. ಪಕ್ಕದ ಮೆಟ್ರೊ ನಿಲ್ದಾಣಕ್ಕೆ ನಮ್ಮ ವಿಶ್ವೇಶ್ವರಯ್ಯನವರ ಹೆಸರಿದೆ. ಅಲ್ಲಿ ಪಿಂಕ್ ಲೈನ್ ಹತ್ತಿ ಕಂಟೋನ್ಮೆಂಟ್, ನಾರಾಯಣಾ ವಿಹಾರ, ಮಾಯಾಪುರಿ ದಾಟಿದರೆ ರಾಜೌರಿ ಗಾರ್ಡನ್. ಅಲ್ಲಿಂದ ಬ್ಲೂ ಲೈನ್ ಹಿಡಿದು ತಿಲಕ್ ನಗರದಲ್ಲಿ ಇಳಿದರೆ ತಿಹಾರ್ ಜೈಲಿನ ಗೋಡೆ ದೂರವಿಲ್ಲ. ಯಮುನೆಯ ಆಚೆ ಮಂಡೋಲಿ, ವಾಯವ್ಯಕ್ಕೆ ರೋಹಿಣಿ, ಗಾಜಿಯಾಬಾದಿನಲ್ಲಿ ಡಾಸ್ನಾ, ಗ್ರೇಟರ್ ನೋಯ್ಡಾದಲ್ಲಿ ಲುಕ್ಸರ್, ಗುರುಗ್ರಾಮದಲ್ಲಿ ಭೋಂಡ್ಸಿ, ಫರೀದಾಬಾದಿನಲ್ಲಿ ನೀಮ್ಕಾ. ನಾವು ಬಾಡಿಗೆ ಹಿಡಿದ, ಫ್ಲ್ಯಾಟ್ ಕೊಂಡ ಪ್ರತಿಯೊಂದು ದಿಕ್ಕಿನಲ್ಲೂ ಒಂದೊಂದು ಜೈಲಿದೆ. ಅದರ ಬಾಗಿಲಲ್ಲಿ ದಿನಾ ಬೆಳಿಗ್ಗೆ ಹೆಂಗಸರು ಮಕ್ಕಳು ಸಾಲು ನಿಲ್ಲುತ್ತಾರೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರ ಕೊನೆಗೆ ಎಣಿಸಿದಂತೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ದೆಹಲಿಯ ಅಂದಿನ ಲೆಕ್ಕ ಇನ್ನೂ ಕಷ್ಟದ್ದು. ಹತ್ತು ಸಾವಿರ ಚಿಲ್ಲರೆ ಜನರಿಗೆ ಕಟ್ಟಿದ ಜೈಲುಗಳಲ್ಲಿ ಹದಿನೆಂಟು ಸಾವಿರಕ್ಕೂ ಮೀರಿ ಜನ, ಅವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ವಿಚಾರಣಾಧೀನರು. ಶಿಕ್ಷೆಯಾದವನ ಮನೆಯವರು ಕ್ಯಾಲೆಂಡರ್ ನೋಡಿ ದಿನ ಎಣಿಸಬಹುದು. ವಿಚಾರಣಾಧೀನನ ಮನೆಗೆ ಆ ಸಮಾಧಾನವೂ ಇಲ್ಲ. ತೀಸ್ ಹಜಾರಿ ಕೋರ್ಟಿನಲ್ಲೋ ಕಡಕಡಡೂಮಾ ಕೋರ್ಟಿನಲ್ಲೋ ವಿಚಾರಣೆಯ ಒಂದು ‘ತಾರೀಖ್’ ಮುಗಿದರೆ ಮುಂದಿನ ತಾರೀಖು. ಸಾಕ್ಷಿ ಬರಲಿಲ್ಲ, ವಕೀಲರು ಮುಷ್ಕರ ಹೂಡಿದರು, ನ್ಯಾಯಾಧೀಶರು ರಜೆ. ಎಂಟನೇ ತರಗತಿಯಲ್ಲಿದ್ದಾಗ ಅಪ್ಪನನ್ನು ಕರೆದೊಯ್ದದ್ದು ಕಂಡ ಹುಡುಗ ಹನ್ನೆರಡನೇ ತರಗತಿಗೆ ಬಂದರೂ ‘ಅಪ್ಪ ತಪ್ಪಿತಸ್ಥನೋ ಅಲ್ಲವೋ’ ಎಂಬುದಕ್ಕೆ ನ್ಯಾಯಾಲಯದಿಂದ ಉತ್ತರ ಬಂದಿರುವುದಿಲ್ಲ. ಬೀದಿಯವರು ಮಾತ್ರ ಮೊದಲ ದಿನವೇ ತೀರ್ಪು ಕೊಟ್ಟಿರುತ್ತಾರೆ.

ಚಿಕ್ಕ ಮಕ್ಕಳ ಬಗ್ಗೆ ಕಾನೂನಿಗೆ ಕಾಳಜಿಯಿದೆ. ಆರ್.ಡಿ. ಉಪಾಧ್ಯಾಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಏಪ್ರಿಲ್ 13ರಂದು ಕೊಟ್ಟ ತೀರ್ಪಿನಂತೆ ಆರು ವರ್ಷದವರೆಗೆ ಮಗು ತಾಯಿಯ ಜೊತೆ ಜೈಲಿನಲ್ಲಿರಬಹುದು. ಅದಕ್ಕೆ ಹಾಲು, ವೈದ್ಯರು, ಶಿಶುವಿಹಾರ ಎಲ್ಲ ಸಿಗಬೇಕು. ಬ್ಯೂರೊ ಕೂಡ ಆ ಮಕ್ಕಳನ್ನು ಎಣಿಸುತ್ತದೆ. 2022ರ ಕೊನೆಗೆ 1,537 ತಾಯಂದಿರ ಜೊತೆ 1,764 ಮಕ್ಕಳು ಒಳಗಿದ್ದರು. ಆರು ತುಂಬಿದ ಮಗು ಗೇಟು ದಾಟಿ ಹೊರಬಂದ ಮೇಲೆ ಆ ಎಣಿಕೆಯಿಂದಲೂ ಹೊರಬೀಳುತ್ತದೆ. ಅಜ್ಜಿಯ ಮನೆಯಲ್ಲೋ ವಸತಿಶಾಲೆಯಲ್ಲೋ ಜೋಪಡಿಯಲ್ಲೋ ಬೆಳೆದು ಮೀಸೆ ಚಿಗುರುವ ವಯಸ್ಸಿಗೆ ಬಂದವನ ಲೆಕ್ಕ ಯಾವ ಕೋಷ್ಟಕದಲ್ಲೂ ಇಲ್ಲ. ಕಂಕುಳ ಕೂಸನ್ನು ಕಂಡರೆ ಎಲ್ಲರಿಗೂ ಕರುಳು ಚುರುಕ್ ಎನ್ನುತ್ತದೆ. ಅದೇ ಕೂಸು ಹದಿನೈದಾಗಿ, ಕೂದಲಿಗೆ ಬಣ್ಣ ಹಚ್ಚಿಕೊಂಡು, ಎದುರುತ್ತರ ಕೊಡುತ್ತ ನಿಂತರೆ ‘ಅಪ್ಪನ ದಾರಿಯೇ ಹಿಡಿದ’ ಎನ್ನುತ್ತೇವೆ. ನಾನು ನಿಮ್ಮ ಮುಂದೆ ತರುತ್ತಿರುವುದು ಆ ಹದಿನೈದರ ಮಗುವನ್ನು.

ಅವನ ಒಂದು ದಿನ ಹೇಗಿರುತ್ತದೆ ಹೇಳುತ್ತೇನೆ. ದೆಹಲಿ ಕಾರಾಗೃಹ ನಿಯಮಗಳು, 2018ರ ಪ್ರಕಾರ ಕೈದಿಗೆ ವಾರಕ್ಕೆ ಎರಡು ಮುಲಾಕಾತ್, ಅಂದರೆ ಮನೆಯವರೊಡನೆ ಭೇಟಿ. ಮೊದಲೇ ಸರದಿ ಕಾಯ್ದಿರಿಸಬೇಕು. ಸರದಿ ಬೀಳುವುದು ಹೆಚ್ಚಾಗಿ ಶಾಲೆಯ ದಿನವೇ, ಹಾಗಾಗಿ ಅಂದು ಶಾಲೆ ತಪ್ಪುತ್ತದೆ. ಗುರುತಿನ ಚೀಟಿ, ಫೋಟೊ, ಮೈ ತಡವಿ ತಪಾಸಣೆ, ಕೈಮೇಲೆ ಮುದ್ರೆ. ಒಳಗೆ ಗಾಜಿನ ಆಚೆ ಅಪ್ಪ, ಈಚೆ ಇವರು, ಮಾತಿಗೊಂದು ರಿಸೀವರ್. ರಿಸೀವರ್ ಮೊದಲು ಅಮ್ಮನ ಕೈಯಲ್ಲಿ. ವಕೀಲ ಏನಂದ, ಎಷ್ಟು ಹೊಂದಿಸಿದೆ, ಜಾಮೀನಿಗೆ ಯಾರು ನಿಲ್ಲುತ್ತಾರೆ, ಭಾವನ ಮನೆಯವರು ಫೋನ್ ಎತ್ತುತ್ತಿಲ್ಲ. ಹುಡುಗನ ಕೈಗೆ ಅದು ಬರುವ ಹೊತ್ತಿಗೆ ಸಮಯ ಮುಗಿಯುತ್ತ ಬಂದಿರುತ್ತದೆ. “ಪಢಾಯೀ ಕೈಸೀ ಚಲ್ ರಹೀ ಹೈ?” ಎಂದು ಓದಿನ ಬಗ್ಗೆ ಅಪ್ಪ ಕೇಳುತ್ತಾನೆ. “ಠೀಕ್” ಎಂದು ಮಗ ಹೇಳುತ್ತಾನೆ. ಎಷ್ಟೋ ಮನೆಗಳಲ್ಲಿ ಅಪ್ಪ–ಮಗನ ಮಾತುಕತೆ ವರ್ಷಗಟ್ಟಲೆ ಇಷ್ಟೇ.

ಮರುದಿನ ಶಾಲೆಯಲ್ಲಿ ನಿನ್ನೆ ಏಕೆ ಬರಲಿಲ್ಲ ಎಂದು ಕೇಳಿದರೆ ಹೊಟ್ಟೆನೋವು. ಫಾರಮ್ಮಿನಲ್ಲಿ ‘ತಂದೆಯ ಉದ್ಯೋಗ’ ಎಂಬ ಸಾಲು ಬಂದರೆ ಹಿಂದಿನ ವರ್ಷ ಬರೆದದ್ದನ್ನೇ ಬರೆಯುತ್ತಾನೆ. ಪಾಲಕರ ಸಭೆಗೆ ಚಿಕ್ಕಪ್ಪ ಬರುತ್ತಾನೆ. ನೆರೆಯವರಿಗೆ ಅಪ್ಪ ‘ಊರಿಗೆ ಹೋಗಿದ್ದಾರೆ’. ಮನೆಯಲ್ಲಿ ದುಡಿಯುವ ಕೈ ಹೋಗಿ ವಕೀಲರ ಫೀಸು ಬಂದಿರುತ್ತದೆ. ಹುಡುಗ ಶಾಲೆ ಬಿಟ್ಟ ಮೇಲೆ ಮೊಮೊ ಗಾಡಿಯಲ್ಲೋ ಹೊಲಿಗೆ ಕಾರ್ಖಾನೆಯಲ್ಲೋ ನಿಲ್ಲುತ್ತಾನೆ. ಹುಡುಗಿಯಾದರೆ ಅಡುಗೆಮನೆ ಅವಳ ಪಾಲಿಗೆ, ಒಳ್ಳೆಯ ಸಂಬಂಧ ಬಂದರೆ ಮದುವೆಯ ಮಾತೂ ಬೇಗ. ಜೈಲಿನಲ್ಲಿರುವುದು ತಾಯಿಯಾದರೆ ಪರಿಸ್ಥಿತಿ ಇನ್ನೂ ಬಿಗಿ. ಗಂಡ ಒಳಗಿದ್ದರೆ ಹೆಂಡತಿ ವಾರ ತಪ್ಪಿಸದೆ ಬರುತ್ತಾಳೆ. ಹೆಂಡತಿ ಒಳಗಿದ್ದರೆ ಎಷ್ಟೋ ಮನೆಗಳು ಅವಳ ಹೆಸರನ್ನೇ ಎತ್ತುವುದಿಲ್ಲ, ಮಕ್ಕಳು ಒಬ್ಬೊಬ್ಬರು ಒಂದೊಂದು ಸಂಬಂಧಿಕರ ಮನೆಗೆ ಹಂಚಿಹೋಗುತ್ತಾರೆ.

ಯಾರೂ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. ಕಿರಣ್ ಬೇಡಿಯವರು ತಮಗೆ 1994ರಲ್ಲಿ ಬಂದ ಮ್ಯಾಗ್ಸೆಸೆ ಪ್ರಶಸ್ತಿಯ ಬೆನ್ನಿಗೇ ಕಟ್ಟಿದ ಇಂಡಿಯಾ ವಿಷನ್ ಫೌಂಡೇಶನ್, ಕೈದಿಗಳ ಮಕ್ಕಳನ್ನು ವಸತಿಶಾಲೆಗಳಿಗೆ ಸೇರಿಸಿ ಓದಿಸುತ್ತ ಬಂದಿದೆ. ದೆಹಲಿ ಸರ್ಕಾರ ಈ ಮಕ್ಕಳ ನಿರ್ವಹಣೆ ಮತ್ತು ಓದಿಗೆ ಹಣ ಕೊಡುವ ಯೋಜನೆಯೊಂದನ್ನು 2014ರಲ್ಲಿ ತಂದಿತು. ಕಲೆಯ ಕೆಲಸವೂ ಆಗಿದೆ, ಆದರೆ ಬಹುಪಾಲು ಗೋಡೆಯ ಒಳಗೆ. ಲೇಡಿ ಶ್ರೀರಾಮ್ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುವ ವರ್ತಿಕಾ ನಂದಾ, ಆಗ ದೆಹಲಿ ಕಾರಾಗೃಹಗಳ ಮುಖ್ಯಸ್ಥೆಯಾಗಿದ್ದ ವಿಮಲಾ ಮೆಹ್ರಾ ಅವರೊಡನೆ ಸೇರಿ 2013ರಲ್ಲಿ ‘ತಿನ್ಕಾ ತಿನ್ಕಾ ತಿಹಾರ್’ ಪುಸ್ತಕ ತಂದರು. ಅದರಲ್ಲಿರುವುದು ಒಳಗಿನ ಹೆಂಗಸರ ಕವಿತೆಗಳು. ಮುಂದೆ ಡಾಸ್ನಾ ಜೈಲಿನ ಪುಸ್ತಕ ಬಂತು, ಹರಿಯಾಣದ ಜೈಲುಗಳಲ್ಲಿ ರೇಡಿಯೊ ಶುರುವಾಯಿತು. 2014ರಲ್ಲಿ ಸ್ಟಾರ್ಟ್ ಇಂಡಿಯಾ ಬಳಗ ತಿಹಾರಿನ ಹೊರಗೋಡೆಯ ಮೇಲೆ ಸಾವಿರ ಅಡಿಗೆ ಹತ್ತಿರದ ಉದ್ದಕ್ಕೆ ಅಕ್ಷರಚಿತ್ರ ಬರೆಯಿತು. ಬರೆದದ್ದು ‘ತಿನ್ಕಾ ತಿನ್ಕಾ ತಿಹಾರ್’ ಪುಸ್ತಕದ್ದೇ ಒಂದು ಕವಿತೆ.

ನಮ್ಮ ಕರ್ನಾಟಕದಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಗಟ್ಟಿಯಾದ ಉದಾಹರಣೆಯಿದೆ. ಮೈಸೂರು ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ 1990ರ ದಶಕದ ಕೊನೆಯಿಂದ ಜೈಲುಗಳಿಗೆ ಹೋಗಿ ಕೈದಿಗಳಿಂದ ನಾಟಕ ಮಾಡಿಸಿದರು. ‘ಸಂಕಲ್ಪ’ ತಂಡದ ಮೂಲಕ ಕಾರ್ನಾಡರ ‘ತಲೆದಂಡ’, ಎಚ್.ಎಸ್. ಶಿವಪ್ರಕಾಶರು ಮ್ಯಾಕ್‌ಬೆತ್‌ನಿಂದ ಕಟ್ಟಿದ ‘ಮಾರನಾಯಕ’ದಂಥ ನಾಟಕಗಳನ್ನು ಜೀವಾವಧಿ ಕೈದಿಗಳು ಆಡಿದರು, ಜೈಲಿನ ಹೊರಗಿನ ರಂಗಮಂದಿರಗಳಲ್ಲೂ ಆಡಿದರು. ಕೊಲೆ ಮಾಡಿ ಒಳಗೆ ಬಂದವನು ಕೊಲೆಗಾರ ದೊರೆಯ ಮಾತುಗಳನ್ನು ತುಂಬಿದ ಸಭೆಯ ಮುಂದೆ ಹೇಳುವುದೆಂದರೆ ಸಣ್ಣ ಸಂಗತಿಯಲ್ಲ.  ಬೆಂಗಳೂರಿನಲ್ಲಿ ‘ಸೋಕೇರ್’ ಸಂಸ್ಥೆ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಕೈದಿಗಳ ಮಕ್ಕಳಿಗೆ ಮನೆಯಾಗಿದೆ, ಓದಿಸುತ್ತಿದೆ. ಕೈದಿಯನ್ನು ರಂಗಕ್ಕೆ ಕರೆತಂದವರು ಕನ್ನಡಿಗರು, ಕೈದಿಯ ಮಗುವಿಗೆ ಸೂರು ಕೊಟ್ಟವರೂ ನಮ್ಮಲ್ಲಿದ್ದಾರೆ. ಆ ಮಗುವನ್ನೇ ರಂಗಕ್ಕೆ ಕರೆತರುವ ಕೆಲಸ ಬಾಕಿ ಉಳಿದಿದೆ. ಅದನ್ನು ನೀವು ಇಲ್ಲಿ ಶುರುಮಾಡಬಹುದು.

ಹೇಗೆ ಕಲಿಸಬೇಕು ಎಂಬುದೇ ಈ ಪತ್ರದ ಮುಖ್ಯ ವಿಷಯ. ದಯವಿಟ್ಟು ಆ ಮಕ್ಕಳ ಕಥೆ ಕೇಳಬೇಡಿ.

ಇದು ನಿಮಗೆ ವಿಚಿತ್ರವೆನಿಸಬಹುದು. ನೋವನ್ನು ಹೊರಹಾಕಿಸುವುದೇ ಕಲೆಯ ಕೆಲಸವೆಂದು ಬಹಳ ಮಂದಿ ನಂಬಿದ್ದಾರೆ. ಶಿಬಿರಕ್ಕೆ ಬಂದವರು ಮೊದಲ ಗಂಟೆಯಲ್ಲೇ ವೃತ್ತಾಕಾರವಾಗಿ ಕೂರಿಸಿ, ‘ನಿನಗೆ ಅಪ್ಪನ ನೆನಪಾದಾಗ ಏನನ್ನಿಸುತ್ತದೆ, ಬರಿ’ ಎನ್ನುತ್ತಾರೆ. ಈ ಮಕ್ಕಳು ಅದಕ್ಕೂ ಮೊದಲು ಎಷ್ಟು ಜನರಿಗೆ ತಮ್ಮ ಕಥೆ ಹೇಳಿರುತ್ತಾರೆ ಯೋಚಿಸಿ. ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ, ಶಾಲೆಯ ಮುಖ್ಯೋಪಾಧ್ಯಾಯರಿಗೆ, ನೆರವು ಕೊಡುವ ಮುನ್ನ ಫಾರಂ ತುಂಬಿಸುವವರಿಗೆ. ಪ್ರತಿಸಲ ಹೇಳಿದಾಗಲೂ ಎದುರಿನವರ ಕಣ್ಣಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ನೋಡಿಕೊಳ್ಳುವುದನ್ನು ಅವರು ಕಲಿತಿರುತ್ತಾರೆ. ಕಣ್ಣೀರು ಬಂದರೆ ಏನಾದರೂ ಸಿಗುತ್ತದೆ. ಹದಿನಾಲ್ಕರ ಮಗು ತನ್ನ ಸಂಕಟವನ್ನು ಹೀಗೆ ಚಲಾವಣೆಗೆ ಬಿಡುವಂತಾಗುವುದು ಅನಾಹುತ. ನಾವೂ ಅದನ್ನೇ ಕೇಳಿದರೆ ಅವರಿಗೆ ನಮ್ಮಿಂದ ಹೊಸದೇನೂ ಸಿಕ್ಕಂತಾಗಲಿಲ್ಲ.

ಪೂರ್ವ ದೆಹಲಿಯ ಒಂದು ಚಿತ್ರದ ತರಗತಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಅತಿಥಿಯಾಗಿ ಬಂದವರೊಬ್ಬರು ‘ನಿಮ್ಮಿಂದ ದೂರವಾದವರನ್ನು ಬರೆಯಿರಿ’ ಎಂದರು. ಒಬ್ಬ ಹುಡುಗಿ ಆಟೊರಿಕ್ಷಾ ಬರೆದಳು. ಮೀಟರು, ಹ್ಯಾಂಡಲಿಗೆ ಕಟ್ಟಿದ ನಿಂಬೆ–ಮೆಣಸಿನಕಾಯಿ, ಹಿಂದಿನ ಪರದೆಯ ಹರಿದ ತೇಪೆ, ಎಲ್ಲ ಇತ್ತು. ಚಾಲಕನ ಸೀಟು ಖಾಲಿ. ಅತಿಥಿ ಬಗ್ಗಿ, ಮೆತ್ತಗಿನ ದನಿಯಲ್ಲಿ, ಇಲ್ಲಿ ಯಾರು ಕೂರುತ್ತಿದ್ದರು ಎಂದು ಕೇಳಲು ಹೊರಟರು. ಹುಡುಗಿ ಪೆನ್ಸಿಲ್ ಇಟ್ಟುಬಿಟ್ಟಳು. ಅಲ್ಲಿನ ಮೇಷ್ಟ್ರು ನಡುವೆ ಬಂದು, “ಹಿಂದಿನ ಚಕ್ರ ಮುಂದಿನದಕ್ಕಿಂತ ದೊಡ್ಡದಾಗಿದೆ, ನೀನು ಎಲ್ಲಿ ನಿಂತು ನೋಡುತ್ತಿದ್ದೀಯ?” ಎಂದರು. ಅವಳು ಪೆನ್ಸಿಲ್ ಎತ್ತಿಕೊಂಡಳು. ಹಿಂದಿನಿಂದ ನೋಡುತ್ತಿದ್ದೇನೆ, ಹೊರಟುಹೋಗುವಾಗ, ಎಂದಳು. ಹಾಗಾದರೆ ಛಾವಣಿಯ ಗೆರೆಯೂ ಬದಲಾಗಬೇಕಲ್ಲ ಎಂದರು ಮೇಷ್ಟ್ರು. ತರಗತಿ ಮುಗಿಯುವತನಕ ಆ ಒಂದು ಛಾವಣಿಯನ್ನು ಅಳಿಸಿ ಅಳಿಸಿ ತಿದ್ದಿದಳು. ಹೇಳಬೇಕಾದದ್ದನ್ನು ಅವಳು ಹೇಳಿಯೇ ಇದ್ದಳು. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ಅಲ್ಲಿದ್ದ ಯಾರಿಗೂ ಇರಲಿಲ್ಲ. ಮೇಷ್ಟ್ರು ಅವಳನ್ನು ಚಿತ್ರ ಬರೆಯುವವಳೆಂದು ನೋಡಿದರು, ಅತಿಥಿ ಕೈದಿಯ ಮಗಳೆಂದು ನೋಡಿದರು. ನೀವು ಮೇಷ್ಟ್ರ ಹಾಗೆ ಇರಬೇಕೆಂಬುದು ನನ್ನ ಕೋರಿಕೆ.

ಇನ್ನೊಂದು ಕಷ್ಟದ ಮಾತೂ ಇದೆ. ಒಳಗಿರುವವರೆಲ್ಲ ಮಕ್ಕಳಿಗೆ ಪ್ರೀತಿಪಾತ್ರರೇ ಆಗಿರಬೇಕಿಲ್ಲ. ಕುಡಿದು ಹೊಡೆಯುತ್ತಿದ್ದ ಅಪ್ಪ ಒಳಗೆ ಹೋದ ಮೇಲೆ ನೆಮ್ಮದಿಯ ನಿದ್ದೆ ಕಂಡ ಮಕ್ಕಳಿದ್ದಾರೆ. ಅಮ್ಮನನ್ನು ಕೊಂದ ಅಪ್ಪನ ಮಕ್ಕಳೂ ಇದ್ದಾರೆ. ಅವರು ಏಕಕಾಲಕ್ಕೆ ಕೈದಿಯ ಮಕ್ಕಳು, ಬಲಿಯಾದವಳ ಮಕ್ಕಳು. ತಪ್ಪೇ ಮಾಡದ ಅಣ್ಣ ಸಿಕ್ಕಿಬಿದ್ದಿದ್ದಾನೆಂದು ಕುದಿಯುವವರಿದ್ದಾರೆ, ಅಣ್ಣ ಮಾಡಿದ್ದು ನಿಜವೆಂದು ಗೊತ್ತಿದ್ದೂ ಅವನಿಗಾಗಿ ಹಂಬಲಿಸುವವರೂ ಇದ್ದಾರೆ. ಒಂದೇ ಹುಡುಗನಲ್ಲಿ ಸೋಮವಾರ ಸಿಟ್ಟು, ಗುರುವಾರ ನೆನಪು. ಆದ್ದರಿಂದ ‘ಅಪ್ಪನಿಗೊಂದು ಪತ್ರ’, ‘ಅಮ್ಮಾ ಬೇಗ ಬಾ’ ಎಂಬಂಥ ವಿಷಯಗಳನ್ನು ಮೇಲಿನಿಂದ ಹೇರಬೇಡಿ. ಕ್ಷಮಿಸು ಎಂದು ಕಲಿಸುವುದು, ಕಾಯು ಎಂದು ಕಲಿಸುವುದು ನಮ್ಮ ಕೆಲಸವಲ್ಲ. ನಾಟಕದಲ್ಲಿ ಕೊಲೆಗಾರನ ಪಾತ್ರವನ್ನು ಹುಡುಗ ತಾನಾಗಿಯೇ ಕೇಳಿ ತೆಗೆದುಕೊಂಡರೆ ಕೊಡಿ, ಬೇಡವೆಂದು ಸರಿದರೆ ಏಕೆಂದು ವಿಚಾರಿಸಬೇಡಿ.

ಬಲಿಯಾದವರ ಮನೆಯ ಮಕ್ಕಳ ಗತಿಯೇನು ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಅವರಿಗೂ ಬಾಗಿಲು ತೆರೆಯಿರಿ. ಬೀದಿಯ ಇತರ ಮಕ್ಕಳಿಗೂ ತೆರೆಯಿರಿ. ‘ಕೈದಿಗಳ ಮಕ್ಕಳ ಕಲಾಶಿಬಿರ’ ಎಂದು ಬ್ಯಾನರು ಕಟ್ಟಿದ ದಿನವೇ ಅರ್ಧ ಮಕ್ಕಳು ಬರುವುದು ನಿಲ್ಲುತ್ತದೆ. ಬೆರೆತ ಗುಂಪಿನಲ್ಲಿ ಯಾರು ಯಾರ ಮಗು ಎಂಬುದು ಕಲಿಸುವ ಒಬ್ಬಿಬ್ಬರಿಗೆ ಗೊತ್ತಿದ್ದರೆ ಸಾಕು.

ಇಂಥ ಕೆಲಸಕ್ಕೆ ನಮ್ಮ ಕಲೆಗಳು ಎಷ್ಟು ಒದಗಿಬರುತ್ತವೆ ಎಂಬುದನ್ನು ನೆನೆದರೆ ನನಗೆ ಉತ್ಸಾಹ ಉಕ್ಕುತ್ತದೆ. ತೊಗಲುಗೊಂಬೆಯನ್ನೇ ತೆಗೆದುಕೊಳ್ಳಿ. ಕೊಪ್ಪಳದ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ನಾವೆಲ್ಲ ಹೆಮ್ಮೆಪಟ್ಟೆವು. ಆ ಆಟದಲ್ಲಿ ಆಡಿಸುವವನು ಪರದೆಯ ಹಿಂದೆ ಇರುತ್ತಾನೆ. ಮುಖ ತೋರಿಸಲು ನಾಚುವ, ಗುರುತು ಸಿಕ್ಕೀತೆಂದು ಹೆದರುವ ಮಗು ಅಲ್ಲಿ ರಾವಣನಾಗಿ ಗರ್ಜಿಸಬಹುದು, ಹಾಸ್ಯದ ಗೊಂಬೆಯಾಗಿ ಊರವರನ್ನೆಲ್ಲ ಬೈಯಬಹುದು. ತೊಗಲು ಬೇಕೆಂದೇನಿಲ್ಲ, ರಟ್ಟು ಕತ್ತರಿಸಿ ಬಣ್ಣದ ಹಾಳೆ ಅಂಟಿಸಿದರೂ ನೆರಳು ಬೀಳುತ್ತದೆ. ಕತ್ತರಿಸುವುದು, ಕೀಲು ಜೋಡಿಸುವುದು, ಬೆಳಕಿನಿಂದ ಎಷ್ಟು ದೂರ ಹಿಡಿದರೆ ಎಷ್ಟು ಹಿಗ್ಗುತ್ತದೆ ಎಂದು ನೋಡುವುದು, ಎಲ್ಲದರಲ್ಲೂ ಕೈಗೆ ಕೆಲಸವಿದೆ.

ತಾಳಮದ್ದಳೆಯನ್ನು ಹಿಂದಿಯಲ್ಲಿ ಮಾಡಬಾರದೆಂದೇನೂ ಇಲ್ಲ. ಕೋರ್ಟಿನ ಮೊಗಸಾಲೆಯಲ್ಲಿ ಗಂಟೆಗಟ್ಟಲೆ ಕೂತು ವಾದ–ಪ್ರತಿವಾದ ಕೇಳಿದ ಮಕ್ಕಳು ಇವರು, ಆದರೆ ಅಲ್ಲಿ ಇವರಿಗೆ ಬಾಯಿ ತೆರೆಯಲು ಅವಕಾಶವಿಲ್ಲ. ಅರ್ಥಧಾರಿಯಾಗಿ ಕೂತರೆ ಸಿದ್ಧಮಾತಿಲ್ಲದೆ, ಎದುರಾಳಿಯ ಮಾತಿಗೆ ಆ ಕ್ಷಣದಲ್ಲೇ ಉತ್ತರ ಕಟ್ಟಬೇಕು. ಈ ವಾರ ಕೃಷ್ಣನಾಗಿ ಸಂಧಾನ ಮಾಡಿದವಳು ಮುಂದಿನ ವಾರ ಕೌರವನಾಗಿ ಅದನ್ನೇ ಮುರಿಯಬೇಕು. ಎರಡು ಪಕ್ಷದ ನ್ಯಾಯವನ್ನೂ ತನ್ನ ನಾಲಿಗೆಯಿಂದಲೇ ಆಡಿ ನೋಡುವ ಇಂಥ ತರಬೇತಿ ಬೇರೆ ಯಾವ ಕಲೆಯಲ್ಲೂ ನನಗೆ ಕಂಡಿಲ್ಲ. ಮಾತೇ ಬೇಡವೆನ್ನುವವರಿಗೆ ಡೊಳ್ಳು ಇದೆ. ಹೆಗಲಿಗೆ ಭಾರ, ಕೈಗೆ ಪೆಟ್ಟು, ಒಬ್ಬ ತಾಳ ತಪ್ಪಿದರೆ ಇಡೀ ಸಾಲು ತಪ್ಪುತ್ತದೆ. ಒಳಗಿನ ಸಿಟ್ಟಿಗೆ ಶಿಸ್ತಾದ ದಾರಿ ಸಿಗುತ್ತದೆ, ಯಾವ ವಿವರಣೆಯನ್ನೂ ಯಾರಿಗೂ ಕೊಡಬೇಕಾಗುವುದಿಲ್ಲ.

ಮಕ್ಕಳ ನಾಟಕದಲ್ಲಿ ನಮ್ಮ ಆಸ್ತಿ ದೊಡ್ಡದು. 1977ರಿಂದ 1981ರವರೆಗೆ ರಾಷ್ಟ್ರೀಯ ನಾಟಕ ಶಾಲೆಯನ್ನು ನಡೆಸಿದ ಬಿ.ವಿ. ಕಾರಂತರು ಟ್ಯಾಗೋರರ ಗಿಳಿಯ ಕಥೆಯಿಂದ ‘ಪಂಜರ ಶಾಲೆ’ ಕಟ್ಟಿದರು. ಕನ್ನಡ ಮಕ್ಕಳ ರಂಗಭೂಮಿಯಲ್ಲಿ ಅದನ್ನು ಆಡದ ಊರು ಕಡಿಮೆ. ನಿಮ್ಮಲ್ಲಿ ಅನೇಕರಿಗೆ ಮೊದಲು ಹೊಳೆಯುವುದೂ ಅದೇ. ಆದರೆ ಜೈಲು ಎಂದೊಡನೆ ಪಂಜರ ಎಂಬ ಸಾಮ್ಯ ನಮಗೆ ಹೊಳೆದದ್ದು, ಮಕ್ಕಳಿಗಲ್ಲ. ಮೊದಲ ವರ್ಷ ಪಂಜರವಿಲ್ಲದ ನಾಟಕ ಮಾಡಿ. ಹೊಟ್ಟೆ ಹುಣ್ಣಾಗುವಂತೆ ನಗಿಸುವ ನಾಟಕ ಮಾಡಿ. ಈ ಮಕ್ಕಳಿಗೆ ನಗುವ ಅವಕಾಶ ಕಡಿಮೆ ಸಿಕ್ಕಿದೆ, ತಾವು ನಗಿಸಬಲ್ಲೆವು ಎಂಬುದು ಇನ್ನೂ ಕಡಿಮೆ ಗೊತ್ತು.

ವರ್ಷಗಟ್ಟಲೆ ಕಲಿಸಬೇಕು ಎಂದೆನಲ್ಲ, ಅದಕ್ಕೆ ಈ ಊರಿನಲ್ಲೇ ಸಾಕ್ಷಿಯಿದೆ. ಅಂಕುರ್ ಮತ್ತು ಸರಾಯ್ ಸಂಸ್ಥೆಗಳು ಕೂಡಿ 2001ರಲ್ಲಿ ಶುರುಮಾಡಿದ ‘ಸೈಬರ್ ಮೊಹಲ್ಲಾ’ ಎಂಬ ಪ್ರಯೋಗದಲ್ಲಿ ಎಲ್‌ಎನ್‌ಜೆಪಿ ಕಾಲೊನಿ, ದಕ್ಷಿಣಪುರಿ, ನಾಂಗ್ಲಾ ಮಾಂಚಿಯ ಹುಡುಗ ಹುಡುಗಿಯರು ಓಣಿಯಲ್ಲಿ ಕಂಡದ್ದನ್ನು ಬರೆದು, ಪರಸ್ಪರ ಓದಿ ಹೇಳಿ, ಮತ್ತೆ ಬರೆದರು. 2006ರಲ್ಲಿ ನಾಂಗ್ಲಾ ಮಾಂಚಿಯನ್ನು ನೆಲಸಮ ಮಾಡಿದಾಗ ಅದನ್ನು ದಾಖಲಿಸುವ ಭಾಷೆ ಅವರ ಕೈಯಲ್ಲಿತ್ತು. ಹಿಂದಿಯಲ್ಲಿ ‘ಬಹುರೂಪಿಯಾ ಶಹರ್’ ಎಂಬ ಪುಸ್ತಕ ಬಂದದ್ದು ಹಾಗೆ. ಸಂಕಟ ಬಂದ ಮೇಲೆ ಬರೆಯಲು ಕಲಿತವರಲ್ಲ ಅವರು, ಬರೆಯಲು ಮೊದಲೇ ಬರುತ್ತಿತ್ತು. ನಿಜಾಮುದ್ದೀನ್ ಬಸ್ತಿಯ ಮಕ್ಕಳೊಂದಿಗೆ 2009ರಲ್ಲಿ ಸಂಯುಕ್ತಾ ಸಾಹಾ ಆರಂಭಿಸಿದ ಆಗಾಜ್ ರಂಗತಂಡದಲ್ಲಿ ಅಂದಿನ ಮಕ್ಕಳೇ ಬೆಳೆದು ನಟರಾಗಿ, ಕಲಿಸುವವರಾಗಿ ನಿಂತಿದ್ದಾರೆ. ದೂರದ ಲಾಸ್ ಏಂಜಲೀಸಿನಲ್ಲಿ ಮನೆಯವರು ಜೈಲಿನಲ್ಲಿರುವ ಹರೆಯದವರಿಗಾಗಿಯೇ ಒಂದು ಪ್ರಯತ್ನ ನಡೆದಿದೆ. ಲೇಖಕಿ ಏಮಿ ಫ್ರೀಡ್‌ಮನ್ ಮತ್ತು ಅವರ ಪತಿ, ಶಿಕ್ಷಕ ಡೆನಿಸ್ ಡಾನ್‌ಜಿಗರ್ 2013ರಲ್ಲಿ ವೆನಿಸ್ ಹೈಸ್ಕೂಲಿನಲ್ಲಿ ‘ಪಾಪ್ಸ್’ ಎಂಬ ಕೂಟ ಕಟ್ಟಿದರು. ವಾರಕ್ಕೊಮ್ಮೆ ಊಟದ ಬಿಡುವಿನಲ್ಲಿ ಸೇರುವುದು, ಉಣ್ಣುವುದು, ಬರೆಯುವುದು, ಚಿತ್ರಿಸುವುದು. ಬರೆದದ್ದು ಪುಸ್ತಕವಾಗಿಯೂ ಬಂದಿದೆ. ಅವರು ತಮ್ಮ ಕಥೆಯನ್ನೇ ಬರೆಯುತ್ತಾರೆ, ನಾನು ಕೇಳುತ್ತಿರುವುದಕ್ಕಿಂತ ಅದು ಭಿನ್ನ. ಅಲ್ಲಿನ ಮಕ್ಕಳು ಇಷ್ಟಪಟ್ಟು ಬರೆಯುತ್ತಾರೆ, ಹೆಸರು ಹಾಕಿಕೊಳ್ಳುತ್ತಾರೆ. ದೆಹಲಿಯ ಗಲ್ಲಿಯಲ್ಲಿ ಹೆಸರು ಹೊರಬಿದ್ದರೆ ತಂಗಿಯ ಮದುವೆ ಮುರಿಯುತ್ತದೆ, ಬಾಡಿಗೆ ಮನೆ ಖಾಲಿ ಮಾಡಬೇಕಾಗುತ್ತದೆ. ಊಟದಿಂದ ಶುರುಮಾಡುವ ಅವರ ಪದ್ಧತಿಯನ್ನು ಮಾತ್ರ ಕಣ್ಣುಮುಚ್ಚಿ ಎರವಲು ಪಡೆಯಬಹುದು.

ಹೆಸರಿನ ಮಾತು ಬಂತಾದ್ದರಿಂದ ಫೋಟೊದ ಮಾತೂ ಹೇಳಿಬಿಡುತ್ತೇನೆ. ಮಕ್ಕಳ ಮುಖ ಫೇಸ್‌ಬುಕ್ಕಿಗೂ ಸಂಘದ ಪತ್ರಿಕೆಗೂ ಹೋಗಕೂಡದು. ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವಿನ ಗುರುತು ಬಯಲುಮಾಡುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಅಪರಾಧ, ಜೈಲುಶಿಕ್ಷೆಯೂ ಆಗಬಹುದು. ಕಾನೂನು ಇಲ್ಲದಿದ್ದರೂ ಮಾಡಬಾರದ ಕೆಲಸ ಅದು. ದಾನಿಗಳಿಗೆ ತೋರಿಸಬೇಕಿದ್ದರೆ ಗೊಂಬೆಗಳ ಚಿತ್ರ ತೆಗೆಯಿರಿ.

ದುಡ್ಡು ಎಲ್ಲಿ ಬೇಕಾಗುತ್ತದೆ ಎಂಬುದೂ ಗೊತ್ತಿರಲಿ. 2019ರ ಅಕ್ಟೋಬರಿನಲ್ಲಿ ದೆಹಲಿಯ ಡಿಟಿಸಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಯಿತು, ಹುಡುಗರಿಗೆ ಟಿಕೆಟ್ಟಿನ ಹಣ ನೀವೇ ಕೊಡಬೇಕು. ಭಾನುವಾರ ಕೂಲಿ ಬಿಟ್ಟು ಬರುವ ಹುಡುಗನಿಗೆ ಹೊಟ್ಟೆತುಂಬ ಊಟ ಇರಬೇಕು. ತಾರೀಖು, ಮುಲಾಕಾತ್ ಆದ ವಾರ ಕೆಲವರು ಬರುವುದಿಲ್ಲ, ಬಂದರೂ ಮೂಲೆಯಲ್ಲಿ ಕೂರುತ್ತಾರೆ. ಜಾಮೀನು ಅರ್ಜಿ ತಿರಸ್ಕೃತವಾದ ವಾರ ಯಾರಾದರೂ ಡೊಳ್ಳಿನ ಚರ್ಮ ಹರಿಯುವಂತೆ ಬಾರಿಸಬಹುದು. ಅದಕ್ಕಾಗಿ ಅವರನ್ನು ಪಾತ್ರದಿಂದ ತೆಗೆದುಹಾಕಬೇಡಿ, ಒಂದು ಪಾತ್ರವನ್ನು ಇಬ್ಬರಿಗೆ ಕಲಿಸಿಡಿ. ಮಧ್ಯದಲ್ಲಿ ಬಿಟ್ಟುಹೋಗುವುದು ನೀವಾಗಬಾರದು. ಹೇಳದೆ ಕೇಳದೆ ಮಾಯವಾದ ದೊಡ್ಡವರನ್ನು ಅವರು ಈಗಾಗಲೇ ಕಂಡಿದ್ದಾರೆ. ವರ್ಗಾವಣೆಯೋ ಹೊಸ ಕೆಲಸವೋ ಬಂದು ಹೋಗಲೇಬೇಕಾದರೆ ತಿಂಗಳ ಮೊದಲೇ ಹೇಳಿ, ಮುಂದೆ ಕಲಿಸುವವರನ್ನು ಕರೆತಂದು ಪರಿಚಯಿಸಿ ಹೋಗಿ.

ಒಳಗಿರುವವರಿಗೆ ಮಗುವಿನ ಕೆಲಸ ತಲುಪಬೇಕೋ ಬೇಡವೋ ಎಂಬುದನ್ನು ಮಗುವೇ ತೀರ್ಮಾನಿಸಲಿ. ಚಿತ್ರವೊಂದನ್ನು ಅಪ್ಪನಿಗೆ ಕಳಿಸಬೇಕೆಂದು ಕೇಳಿದರೆ ಜೈಲಿನ ಅಧಿಕಾರಿಗಳ ಅನುಮತಿಗೆ ನೀವು ಓಡಾಡಿ. ಮುಂದಿನ ಮುಲಾಕಾತಿನಲ್ಲಿ ‘ಪಢಾಯೀ ಕೈಸೀ’ ಎಂಬುದರ ಜೊತೆ ‘ಆ ಚಕ್ರ ಹೇಗೆ ಬರೆದೆ’ ಎಂಬ ಪ್ರಶ್ನೆಯೂ ಬಂದರೆ ಅದು ದೊಡ್ಡ ಸಂಪಾದನೆ. ಕಳಿಸುವುದಿಲ್ಲ ಎಂದರೆ ಅಲ್ಲಿಗೆ ಬಿಡಿ.

ಏಪ್ರಿಲಿನಲ್ಲಿ ಹೊಸ ಶಾಲಾವರ್ಷ ಆರಂಭವಾಗುತ್ತದೆ. ಅಷ್ಟರೊಳಗೆ ನಾಲ್ಕು ಮಂದಿ ಮುಂದೆ ಬನ್ನಿ. ಒಬ್ಬರು ಗೊಂಬೆ ಅಥವಾ ಚಿತ್ರ ಬಲ್ಲವರು, ಒಬ್ಬರು ವಾದ್ಯದವರು, ಒಬ್ಬರು ನಾಟಕದವರು, ಇನ್ನೊಬ್ಬರು ಲೆಕ್ಕಪತ್ರ ಮತ್ತು ಊಟ ನೋಡಿಕೊಳ್ಳುವವರು. ಭಾನುವಾರ ಬೆಳಿಗ್ಗೆ ಮೂರು ಗಂಟೆಗಳ ಕಾಲ ಒಂದು ಕೋಣೆ ಕೊಡಿ ಎಂದು ಕರ್ನಾಟಕ ಸಂಘವನ್ನೂ ದೆಹಲಿ ಕನ್ನಡ ಶಾಲೆಯನ್ನೂ ನಾವೆಲ್ಲ ಸೇರಿ ಕೇಳೋಣ. ನೋಯ್ಡಾ, ಗುರುಗ್ರಾಮದವರು ನಿಮ್ಮ ಸೊಸೈಟಿಯ ಕ್ಲಬ್‌ಹೌಸ್ ಕೇಳಿ. ಮಕ್ಕಳನ್ನು ತಲುಪಲು ನೇರವಾಗಿ ಜೈಲಿನ ಗೇಟಿಗೆ ಹೋಗಿ ನಿಲ್ಲಬೇಡಿ. ಇಂಡಿಯಾ ವಿಷನ್ ಫೌಂಡೇಶನ್‌ನಂಥ, ಆ ಮನೆಗಳ ವಿಶ್ವಾಸ ಗಳಿಸಿರುವ ಸಂಸ್ಥೆಗಳ ಮೂಲಕ, ದೆಹಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಹೋಗಿ. ಎರಡು ವರ್ಷ ಬಿಡದೆ ಬರಬಲ್ಲೆ ಎನ್ನುವವರು ಮಾತ್ರ ಹೆಸರು ಕೊಡಿ. ಅಷ್ಟು ಸಾಧ್ಯವಿಲ್ಲದವರು ಬಸ್ಸಿನ ಟಿಕೆಟ್ಟು ಮತ್ತು ಊಟದ ಖರ್ಚು ವಹಿಸಿಕೊಳ್ಳಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ನಡುವಿನ, ಮಕ್ಕಳ ರಂಗಭೂಮಿಯ ಒಬ್ಬ ಕೆಲಸಗಾರ್ತಿ
ದೆಹಲಿ